ನಾಣಿ ಮೇಷ್ಟ್ರ ಹಿಂದಿನ ಚಕ್ರ

ಕೆಂಗೇರಿ ಸೇತುವೆಯ ಕೆಳಗೆ ಹರಿಯುವ ಕಪ್ಪು ನೀರನ್ನು ನೋಡಲು ಯಾರೂ ನಿಲ್ಲುವುದಿಲ್ಲ. ಬಸ್ಸಿನವರು ಕಿಟಕಿ ಎಳೆದುಕೊಳ್ಳುತ್ತಾರೆ, ಸ್ಕೂಟರಿನವರು ಉಸಿರು ಕಟ್ಟಿ ದಾಟುತ್ತಾರೆ. ಅದೇ ವೃಷಭಾವತಿ. ಬೈರಮಂಗಲದ ಕೆರೆ ಹಾದು, ಕನಕಪುರದ ಕಡೆ ಅರ್ಕಾವತಿಗೆ ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಯೊಳಗೆ ಹೋಗುತ್ತದೆ ಎಂದು ವಿಜಯನಗರದ ನಾಣಿ ಮೇಷ್ಟ್ರು ಮೂವತ್ತು ವರ್ಷ ಭೂಗೋಳದ ಪಾಠದಲ್ಲಿ ಹೇಳಿದ್ದರು. ಒಂದು ಸಲವೂ ಆ ಸಂಗಮ ನೋಡಿರಲಿಲ್ಲ.

ಈಗ ನೋಡಲೇಬೇಕಿತ್ತು. ಅರವತ್ತನಾಲ್ಕರ ಮೇಷ್ಟ್ರ ಕಣ್ಣಿನ ನರ ಸೊರಗುತ್ತಿತ್ತು. ಅಕ್ಕಪಕ್ಕದ ನೋಟ ಆಗಲೇ ಹೋಗಿತ್ತು. ಉಳಿದದ್ದು ಎದುರಿಗೆ ಒಂದು ತಟ್ಟೆಯಷ್ಟು ಅಗಲದ ಲೋಕ, ಅದೂ ಹಗಲಿನಲ್ಲಿ. "ಶಿವರಾತ್ರಿ ಆದಮೇಲೆ ಸೈಕಲ್ ಮುಟ್ಟಬೇಡಿ, ಅಲ್ಲಿವರೆಗೂ ಒಬ್ಬರೇ ಹೋಗಬೇಡಿ" ಎಂದು ಡಾಕ್ಟರು ಹೇಳಿದ್ದರು. ಶಿವರಾತ್ರಿಗೆ ಮೂರು ವಾರ ಉಳಿದಿತ್ತು.

"ಬಸ್ಸಲ್ಲಿ ಹೋಗಿ ಬರೋಣ ಸಾರ್," ಎಂದಳು ರಾಗಿಣಿ. ಅವಳು ಮೇಷ್ಟ್ರ ಹಳೆಯ ಶಿಷ್ಯೆ. ಈಗ ರಾಜರಾಜೇಶ್ವರಿನಗರದಲ್ಲಿ ಮನೆ, ಆಫೀಸಿನಲ್ಲಿ ನಲವತ್ತು ಜನರ ಮೇಲಿನ ದರ್ಬಾರು.

"ಬಸ್ಸಲ್ಲಿ ಯಾರ್ ಬೇಕಾದ್ರೂ ಹೋಗ್ತಾರೆ ಕಣಮ್ಮ. ನಾನು ಈ ನೀರಿನ ಜೊತೇಲಿ ಹೋಗ್ಬೇಕು."

ಹಾಗಾಗಿ ಸೈಕಲ್ಲಿನಲ್ಲಿ ಹೊರಡಲು ಮೂವರ ತಂಡ ಸಿದ್ಧವಾಯಿತು. ಮೇಷ್ಟ್ರು, ರಾಗಿಣಿ, ಮತ್ತು ಮಲ್ಲತ್ತಹಳ್ಳಿಯ ದರ್ಶನ್. ದರ್ಶನ್ ಮನೆಯವರು ಕೆರೆಯಂಚಿನಲ್ಲಿ ರಾಗಿ ಬೆಳೆಯುತ್ತಿದ್ದವರು. ಅವನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ, ಭಾನುವಾರ ಬಂದರೆ ಸೈಕಲ್ಲಿನ ಮೇಲೆ ಮಾಯವಾಗುವವನು. ಎರಡು ದಿನ ಹೋಗುವುದು, ಮೂರನೆಯ ದಿನ ಮರಳುವುದು. ಅರ್ಕಾವತಿಯ ದಂಡೆಯ ಕಾಡುದಾರಿಗೆ ಅರಣ್ಯ ಇಲಾಖೆಯಿಂದ ಒಂದೇ ಹಗಲಿನ ಒಪ್ಪಿಗೆ ಸಿಕ್ಕಿತ್ತು.

ಹೊರಡುವ ಹಿಂದಿನ ಸಂಜೆ ದರ್ಶನ್ ಮನೆಯ ಜಗಲಿಯ ಮೇಲೆ ಸೈಕಲ್ಲಿಗೆ ಗಾಳಿ ಹೊಡೆಯುವ ಮೂರು ಪಂಪುಗಳು ಕೂತಿದ್ದವು. ಅವುಗಳ ಮುಂದೆ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ರಾಗಿಣಿ ಕೂತಿದ್ದಳು. ಭಾರ ಕಡಿಮೆಯಾಗಲೆಂದು ಹಲ್ಲುಜ್ಜುವ ಬ್ರಷ್ಷನ್ನು ಅರ್ಧಕ್ಕೆ ಕತ್ತರಿಸಿದ ಮಹಾತಾಯಿ ಅವಳು.

"ಬ್ಯಾಟರಿ ಪಂಪು, ನೂರ ಹತ್ತು ಗ್ರಾಂ. ಗುಂಡಿ ಒತ್ತಿದ್ರೆ ಸಾಕು. ಈ ಪುಟಾಣಿ ಕೈಪಂಪು, ತೊಂಬತ್ತು. ನಿಮ್ಮದು ಎಂಟುನೂರು ಸಾರ್."

ಮೇಷ್ಟ್ರದು ಮೊಳದುದ್ದದ ಪಂಪು. ಕಾಲಲ್ಲಿ ಅದುಮಿ ಹಿಡಿದು ಎರಡು ಕೈಯಲ್ಲಿ ಒತ್ತುವಂಥದ್ದು, ಉದ್ದನೆಯ ರಬ್ಬರ್ ಕೊಳವೆ ಬೇರೆ. "ಟ್ಯೂಬ್‌ಲೆಸ್ ಟೈರು ಕಣಮ್ಮ ನಮ್ಮದು. ಒಳಗೆ ಟ್ಯೂಬಿಲ್ಲ. ಟೈರಿನ ಅಂಚು ರಿಮ್ಮು ಕಚ್ಚಿಕೊಂಡಿದ್ರೇನೇ ಗಾಳಿ ನಿಲ್ಲೋದು. ಅಂಚು ಕಳಚಿದ್ರೆ ಒಂದೇ ಏಟಿಗೆ ಜೋರು ಗಾಳಿ ಬೇಕು. ಇವು ಉಫ್ ಅಂತ ಊದ್ತವೆ ಅಷ್ಟೇ."

ರಾಗಿಣಿ ಬ್ಯಾಟರಿ ಪಂಪನ್ನು ತನ್ನ ಚಕ್ರಕ್ಕೆ ಹಚ್ಚಿ ಗುಂಡಿ ಒತ್ತಿದಳು. ಎರಡು ನಿಮಿಷದಲ್ಲಿ ಟೈರು ಕಲ್ಲಿನಂತಾಯಿತು.

"ಮನೆ ಮುಂದೆ ಎಲ್ಲಾ ಪಂಪೂ ಚೆನ್ನಾಗೇ ಇರುತ್ತೆ," ಎಂದರು ಮೇಷ್ಟ್ರು. ಆದರೆ ಹಟ ಹಿಡಿಯಲಿಲ್ಲ. ಕಣ್ಣು ಹೋಗುತ್ತಿರುವವನಿಗೆ ಜೊತೆ ಬರುವವರೇ ದೊಡ್ಡ ಉಪಕಾರ, ಅವರ ಮಾತು ಮೀರುವುದು ಹೇಗೆ ಎಂದು ಸುಮ್ಮನಾದರು. ಉದ್ದ ಪಂಪು ಜಗಲಿಯ ಮೇಲೇ ಉಳಿಯಿತು.

ಅಷ್ಟರಲ್ಲಿ ದರ್ಶನ್ ಅಜ್ಜಿ ಚಿಕ್ಕಲಕ್ಷ್ಮಮ್ಮ ತಟ್ಟೆ ಹಿಡಿದು ಬಂದರು. ಊರು ಬಿಡುವ ಗಾಡಿಗೂ ಹತ್ಯಾರಿಗೂ ಪೂಜೆ ಇಲ್ಲದೆ ಆ ಮನೆಯಿಂದ ಯಾವುದೂ ಹೊರಟದ್ದಿಲ್ಲ. ಮೂರು ಸೈಕಲ್ಲಿಗೂ ಹೂವು ಮುಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅಜ್ಜಿ ಕೈಪಂಪನ್ನು ಎತ್ತಿಕೊಂಡರು.

"ಇದಕ್ಕೆ ಬಾಯಿ ಎಲ್ಲದೆ ಮಗಾ?"

ದರ್ಶನ್ ತೋರಿಸಿದ. ಅಜ್ಜಿ ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಆ ಬಾಯಿಗೇ ದಪ್ಪವಾಗಿ ಇಟ್ಟರು. ಒರೆಸಲು ಹೋದ ರಾಗಿಣಿಯ ಕೈ ಹಿಡಿದು, "ಒರೆಸ್ಬಾರ್ದು ಕಣವ್ವ, ತಾನಾಗೇ ಉದುರ್ಬೇಕು," ಎಂದರು. ಆಫೀಸಿನಲ್ಲಿ ನಲವತ್ತು ಜನರನ್ನು ನಡುಗಿಸುವ ರಾಗಿಣಿ ಅಜ್ಜಿಯ ಮುಂದೆ ತಲೆಯಾಡಿಸಿದಳು.

ಮೊದಲ ದಿನ ನೀರು ಅವರ ಪಕ್ಕದಲ್ಲೇ ಹರಿಯಿತು. ಕೆಂಗೇರಿ, ಬಿಡದಿ, ಬೈರಮಂಗಲ. ಕೆರೆಯ ಕೋಡಿಯಲ್ಲಿ ನೊರೆ ಎದ್ದು ರಸ್ತೆಯ ಮೇಲೆ ಹಾರುತ್ತಿತ್ತು. ಮುಂದೆ ದರ್ಶನ್, ಹಿಂದೆ ರಾಗಿಣಿ, ನಡುವೆ ಮೇಷ್ಟ್ರು. "ಎಡಕ್ಕೆ ಗುಂಡಿ", "ಬಲಕ್ಕೆ ಎಮ್ಮೆ" ಎಂದು ದರ್ಶನ್ ಕೂಗುತ್ತಲೇ ಇದ್ದ. ಹುಲ್ಲುಗಾವಲು, ಹಿಪ್ಪುನೇರಳೆ ತೋಟ, ಬಂಡೆಗುಡ್ಡ ಎಲ್ಲ ಹಿಂದೆ ಸರಿದವು, ಆದರೆ ಮೋರಿಯ ವಾಸನೆ ಮಾತ್ರ ಸಂಜೆಯವರೆಗೂ ಬೆನ್ನು ಬಿಡಲಿಲ್ಲ.

ಕನಕಪುರ ದಾಟಿ ಒಂದು ಹಳ್ಳಿಶಾಲೆಯ ಪಡಸಾಲೆಯಲ್ಲಿ ತಂಗಿದರು. ಮಲಗಲು ತಂದಿದ್ದ ಮೂರು ಗಾಳಿಹಾಸಿಗೆಗಳನ್ನು ರಾಗಿಣಿ ಬ್ಯಾಟರಿ ಪಂಪಿನಲ್ಲೇ ಉಬ್ಬಿಸಿದಳು. ಬಾಯಲ್ಲಿ ಊದುವ ಕಷ್ಟವೇಕೆ ಎಂದುಕೊಂಡಳು. ಶಾಲೆಯಲ್ಲಿ ಕರೆಂಟಿರಲಿಲ್ಲ. ಪಂಪಿನ ಚಾರ್ಜು ತೋರಿಸುವ ದೀಪದಲ್ಲಿ ನಾಲ್ಕು ಗೆರೆ ಇದ್ದದ್ದು ಒಂದಕ್ಕೆ ಇಳಿದದ್ದನ್ನು ಯಾರೂ ನೋಡಲಿಲ್ಲ.

ಎರಡನೆಯ ದಿನ ಮಧ್ಯಾಹ್ನಕ್ಕೆ ಡಾಂಬರು ಮುಗಿಯಿತು. ಕಾಡಿನ ಗೇಟಿನ ಗಾರ್ಡ್ ಮರೆಪ್ಪ ಪತ್ರ ನೋಡಿ ಮುಖ ನೋಡಿದ.

"ಇಲ್ಲಿಂದ ಹದಿನೇಳು ಕಿಲೋಮೀಟ್ರು. ಬೆಳಕಿದ್ದಂಗೇ ಸಂಗಮ ಸೇರ್ಕಳಿ ಸಾರ್. ಹೊತ್ತು ಮುಳುಗ್ತಾ ಆನೆ ನೀರಿಗಿಳೀತವೆ."

ದಾರಿ ಎಂದರೆ ಎತ್ತಿನ ಗಾಡಿಯ ಹಳೆಯ ಜಾಡು. ಒಂದು ಕಡೆ ಬೋಳು ಗುಡ್ಡ, ಇನ್ನೊಂದು ಕಡೆ ಮತ್ತಿಮರಗಳ ಸಂದಿನಲ್ಲಿ ಅರ್ಕಾವತಿ. ಮಾಘದ ಬಿಸಿಲಿಗೆ ಎಲೆಯೆಲ್ಲ ಉದುರಿ, ಬಿದಿರು ಒಣಗಿ, ಸೊಂಟದುದ್ದದ ಹುಲ್ಲು ಹಳದಿಯಾಗಿತ್ತು. ನೀರು ಇಲ್ಲಿ ಕಪ್ಪಾಗಿರಲಿಲ್ಲ, ತಿಳಿಯೂ ಆಗಿರಲಿಲ್ಲ. ಮೇಷ್ಟ್ರು ಮಗುವಿನಂತೆ ಖುಷಿಯಾಗಿದ್ದರು. ಎಂಟು ಕಿಲೋಮೀಟರು ಹೀಗೇ ಹೋಯಿತು.

"ಎಡಕ್ಕೆ ಕಲ್ಲು," ಎಂದು ದರ್ಶನ್ ಕೂಗಿದ.

ಕೂಗು ಒಂದು ಗಳಿಗೆ ತಡವಾಗಿತ್ತು. ಮೇಷ್ಟ್ರ ಹಿಂದಿನ ಚಕ್ರ ಎರಡು ಬಂಡೆಗಳ ನಡುವೆ ಸಿಕ್ಕಿ ತಿರುಚಿತು. ಫಟ್ ಎಂದಿತು. ಟೈರಿನ ಅಂಚು ರಿಮ್ಮಿನಿಂದ ಕಳಚಿ, ತೂತು ಮುಚ್ಚಲೆಂದು ಒಳಗೆ ಹಾಕಿದ್ದ ಹಾಲಿನಂಥ ದ್ರವವೆಲ್ಲ ಮಣ್ಣಿಗೆ ಚೆಲ್ಲಿತು. ಮೇಷ್ಟ್ರು ಹುಲ್ಲಿನ ಮೇಲೆ ಬಿದ್ದರು. ಪೆಟ್ಟಾಗಲಿಲ್ಲ.

ಗಂಟೆ ಎರಡು. ಒಂಬತ್ತು ಕಿಲೋಮೀಟರು ಉಳಿದಿತ್ತು.

ರಾಗಿಣಿ ಬ್ಯಾಟರಿ ಪಂಪು ಹಚ್ಚಿದಳು. ಅದು ಗುರ್ ಎಂದು ಊದಿತು. ಊದಿದ ಗಾಳಿಯೆಲ್ಲ ಕಳಚಿದ ಅಂಚಿನಿಂದ ಹೊರಗೆ ಹೋಯಿತು. ಒಂದು ನಿಮಿಷಕ್ಕೆ ಪಂಪು ಸುಮ್ಮನಾಯಿತು. ಅವಳು ಮತ್ತೆ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು.

"ಚಾರ್ಜಿಲ್ಲ," ಎಂದಳು.

"ಒಂದು ಟ್ಯೂಬ್ ತಂದಿದೀವಲ್ಲ ಅಕ್ಕ, ಒಳಗೆ ಹಾಕಿ ಕೈಪಂಪಲ್ಲಿ ಹೊಡೆಯೋಣ," ಎಂದ ದರ್ಶನ್.

ಟ್ಯೂಬು ಹಾಕಿದರು. ಕೈಪಂಪಿನ ಹಿಡಿ ಕದಲಲಿಲ್ಲ. ಅಜ್ಜಿ ಇಟ್ಟ ಅರಿಶಿನ ಕುಂಕುಮ ಒಳಗಿಳಿದು ಗಾರೆಯ ಹಾಗೆ ಕೂತಿತ್ತು. ದರ್ಶನ್ ಜಾಲಿಮುಳ್ಳಿನಿಂದ ಕೆದಕಿದ, ಬಾಟಲಿಯ ನೀರು ಬಿಟ್ಟ, ಬಾಯಿಟ್ಟು ಹೀರಿ ಕೆಂಪಗೆ ಉಗಿದ. ಆಮೇಲೆ ಸಿಟ್ಟಿನಿಂದ ಮೈಭಾರ ಬಿಟ್ಟು ಒತ್ತಿದ. ಹಿಡಿ ಕಿತ್ತು ಕೈಗೆ ಬಂತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

"ನಮ್ಮ ಟೈರಿನ ಗಾಳಿ ಸಾರ್‌ದಕ್ಕೆ ಬಿಡೋಕಾಗಲ್ವ?" ರಾಗಿಣಿ ಕೇಳಿದಳು.

"ಅದಕ್ಕೆ ಕೊಳವೆ ಬೇಕಲ್ಲ ಅಕ್ಕ."

ಕೊಳವೆ ಮಲ್ಲತ್ತಹಳ್ಳಿಯ ಜಗಲಿಯ ಮೇಲಿತ್ತು. ಮೇಷ್ಟ್ರದು ಹಳೆಯ ಸೈಕಲ್ಲು, ಅದಕ್ಕೆ ಇವರ ಚಕ್ರ ಕೂರುತ್ತಿರಲಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ.

"ನನ್ನ ಸೈಕಲ್ ತಗೊಂಡು ದರ್ಶನ್ ಜೊತೆ ಹೋಗಿ ಸಾರ್. ನಾನು ನಡ್ಕೊಂಡು ಬರ್ತೀನಿ." ರಾಗಿಣಿ ತನ್ನ ಸೈಕಲ್ಲನ್ನು ಅವರ ಮುಂದೆ ತಂದು ನಿಲ್ಲಿಸಿದಳು. "ನಂದೇ ತಪ್ಪು. ಎಂಟುನೂರು ಗ್ರಾಂ ಉಳಿಸೋಕೆ ಹೋಗಿ ನಿಮ್ಮನ್ನ ಇಲ್ಲಿ ಕೂರಿಸ್ದೆ."

"ಆನೆ ಕಾಡಲ್ಲಿ ನಿನ್ನ ಒಬ್ಬಳನ್ನೇ ಬಿಟ್ಟು ಹೋಗಿ ಕಾವೇರಿ ನೋಡ್ಲಾ? ಬೇಡಮ್ಮ. ಜೊತೆಗೆ, ಕಣ್ಣಿಲ್ಲದಿದ್ರೂ ನನ್ನ ಸೈಕಲ್ ಮೈ ನಂಗೊತ್ತು. ನಿಂದು ಗೊತ್ತಿಲ್ಲ."

ತಳ್ಳಿಕೊಂಡು ನಡೆದರು. ಗಾಳಿಯಿಲ್ಲದ ಚಕ್ರ, ಅದರ ಮೇಲೆ ಸಾಮಾನಿನ ಚೀಲ, ಕೆಳಗೆ ಮರಳು. ಅರ್ಧ ಗಂಟೆಗೆ ಒಂದು ಕಿಲೋಮೀಟರು. ಮೇಷ್ಟ್ರು ಎರಡು ಸಲ ಎಡವಿದರು.

ಗಾಯದ ಮೇಲೆ ಬರೆ ಎಂಬಂತೆ, ತಿರುವಿನಲ್ಲಿ ದರ್ಶನ್ ಕೈ ಎತ್ತಿ ನಿಂತ.

ನೂರು ಹೆಜ್ಜೆ ಮುಂದೆ ಜಾಡಿನ ಮೇಲೆ ನಾಲ್ಕು ಆನೆ. ಒಂದರ ಕಾಲ ಕೆಳಗೆ ಮರಿ.

ಮೂವರೂ ಸೈಕಲ್ಲನ್ನು ಸದ್ದಾಗದಂತೆ ಮಲಗಿಸಿ ಬಂಡೆಯ ಮರೆಗೆ ಸರಿದರು. ಬಿದಿರು ಮುರಿಯುವ ಸದ್ದು. ಗಾಳಿ ತಮ್ಮ ಕಡೆಗೇ ಬೀಸುತ್ತಿರಲೆಂದು ರಾಗಿಣಿ ದೇವರನ್ನು ಬೇಡಿಕೊಂಡಳು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಆನೆಗಳಿಗೆ ಶಿವರಾತ್ರಿಯ ಗಡುವು ಇರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವು ಹೊಳೆ ದಾಟಿ ಆಚೆಯ ಗುಡ್ಡ ಹತ್ತಿದವು.

ಗಂಟೆ ನಾಲ್ಕೂಕಾಲು. ಏಳು ಕಿಲೋಮೀಟರು.

"ಸಾಕು ಕಣ್ರಮ್ಮ," ಎಂದರು ಮೇಷ್ಟ್ರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಆಸೆಯೂ ಇರಲಿಲ್ಲ. "ನಡ್ಕೊಂಡೇ ಹೋಗೋಣ. ಸೇರೋ ಹೊತ್ತಿಗೆ ಕತ್ತಲಾಗುತ್ತೆ, ನನಗೇನೂ ಕಾಣಲ್ಲ. ಪರವಾಗಿಲ್ಲ. ನೀವು ನೋಡಿ ಹೇಳಿ."

ರಾಗಿಣಿ ಮುಖ ತಿರುಗಿಸಿದಳು. ಬೆಳಿಗ್ಗೆ ನೋಡಬಹುದಲ್ಲ ಎನ್ನುವಂತೆಯೂ ಇರಲಿಲ್ಲ. ಅಲ್ಲಿ ರಾತ್ರಿ ತಂಗಲು ಅಪ್ಪಣೆಯಿಲ್ಲ, ಸಂಜೆಯ ಕೊನೆಯ ವ್ಯಾನು ಹತ್ತಲೇಬೇಕು.

ದರ್ಶನ್ ಮಾತ್ರ ಕೂತಲ್ಲಿಂದ ಒಣಹುಲ್ಲು ಹಿರಿದು ಬೆರಳಲ್ಲಿ ಹೊಸೆಯುತ್ತಿದ್ದ, ಹೊತ್ತು ಹೋಗದವನಂತೆ. ಹೊಸೆದದ್ದು ಸುತ್ತಿ ಸುತ್ತಿ ಬಳೆಯಾಯಿತು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆ. ಕೆರೆಯಂಚಿನಲ್ಲಿ ಅಜ್ಜಿ ಕಲಿಸಿದ್ದು. ಅವನು ಅದನ್ನು ನೋಡಿದ, ಚಕ್ರ ನೋಡಿದ.

"ಸಾರ್, ಟೈರೊಳಗೆ ಗಾಳೀನೇ ಇರ್ಬೇಕು ಅಂತ ಏನಾದ್ರೂ ಇದೆಯಾ?"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಇವರು ಒಂದು ಕಡ್ಡಿಗೆ ನಿಲ್ಲಲಿಲ್ಲ. ರಾಗಿಣಿ ಚಾಕುವಿನಲ್ಲಿ ಹುಲ್ಲು ಕೊಯ್ದಳು, ದರ್ಶನ್ ತೋಳುಗಾತ್ರದ ಹುರಿ ಹೊಸೆದ, ಮೇಷ್ಟ್ರು ಟ್ಯೂಬು ಹೊರಗೆಳೆದು ಅದನ್ನು ಟೈರಿನೊಳಗೆ ತುರುಕಿದರು. ಅದು ಬೆರಳಿನ ಕೆಲಸ, ಕಣ್ಣಿನದಲ್ಲ. ಎಲ್ಲಿ ಟೊಳ್ಳಿದೆ, ಎಲ್ಲಿ ಬಿಗಿಯಿದೆ ಎಂದು ಅವರು ತಡವಿ ತಡವಿ ಹೇಳಿದರು. "ಇಲ್ಲಿ ಇನ್ನೊಂದು ಹಿಡಿ ತಾ. ಇಲ್ಲಿ ಸಾಕು." ಹುಲ್ಲಿನ ಅಲುಗಿಗೆ ಮೂವರ ಕೈಯೂ ಕೊಯ್ದು ರಕ್ತ ಬಂತು. ಕೊನೆಗೆ ಮೂವರೂ ಸೇರಿ ಅದುಮಿ ಟೈರನ್ನು ರಿಮ್ಮಿನೊಳಗೆ ಕೂರಿಸಿದರು.

ಗಂಟೆ ಐದೂಕಾಲು. ಮೇಷ್ಟ್ರು ಹತ್ತಿದರು. ಚಕ್ರ ಕರಕರ ಎಂದಿತು, ಕುಂಟಿತು, ಉರುಳಿತು.

ಏಳು ಕಿಲೋಮೀಟರು ಯಾರೂ ಅನಾವಶ್ಯಕ ಮಾತಾಡಲಿಲ್ಲ. "ಎಡ." "ಬಲ." "ಮರಳು, ಇಳೀರಿ." "ಹತ್ತಿ." ಬಿಸಿಲು ಗುಡ್ಡದ ನೆತ್ತಿಗೆ ಹೋಯಿತು. ಬಂಡೆಗಳು ಕೆಂಪಾದವು, ಆಮೇಲೆ ಬೂದಿಬಣ್ಣಕ್ಕೆ ತಿರುಗಿದವು. ಟೈರಿನ ಅಂಚಿನಿಂದ ಹುಲ್ಲು ಹೊರಬಂದು ಒಂದೊಂದೇ ಎಸಳು ದಾರಿಯಲ್ಲಿ ಉದುರುತ್ತಿತ್ತು. ಕೊನೆಯ ತಿರುವಿನಲ್ಲಿ ರಾಗಿಣಿಗೆ ಅಗಲವಾದ ನೀರು ಕಂಡಿತು.

ಮೇಷ್ಟ್ರು ಇಳಿದು, ಸೈಕಲ್ ಹಿಡಿದು ನಿಂತರು. ಬಹಳ ಹೊತ್ತು ನೋಡಿದರು.

"ಕಾಣ್ತಿದೆ," ಎಂದರು. "ಚೆನ್ನಾಗಿದೆ."

ಅವರು ನೋಡುತ್ತಿದ್ದದ್ದು ಬಂಡೆಯನ್ನು. ನೀರು ಅವರ ಬಲಕ್ಕಿತ್ತು.

ದರ್ಶನ್ ಏನೋ ಹೇಳಲು ಹೋದ. ರಾಗಿಣಿ ಬೇಡವೆಂದು ಸನ್ನೆ ಮಾಡಿ, ಮೇಷ್ಟ್ರ ಹೆಗಲ ಮೇಲೆ ಎರಡೂ ಕೈಯಿಟ್ಟು ಮೆಲ್ಲಗೆ ತಿರುಗಿಸಿದಳು. ಶಾಲೆಯಲ್ಲಿ ಸಾಲು ತಪ್ಪಿದ ಮಕ್ಕಳನ್ನು ಅವರು ಹೀಗೇ ತಿರುಗಿಸುತ್ತಿದ್ದರು.

"ಇನ್ನು ಸ್ವಲ್ಪ ಬಲಕ್ಕೆ ಸಾರ್. ಇನ್ನು ಸ್ವಲ್ಪ. ಅಲ್ಲಿ."

ಮುಳುಗುವ ಸೂರ್ಯನ ಕೊನೆಯ ಬೆಳಕು ಎರಡು ಹೊಳೆ ಸೇರುವ ಕಡೆ ಮಾತ್ರ ಬಿದ್ದಿತ್ತು. ಅದು ತಟ್ಟೆಯಷ್ಟೇ ಅಗಲದ ಹೊಳಪು. ಮೇಷ್ಟ್ರ ಉಸಿರು ನಿಂತದ್ದು ರಾಗಿಣಿಯ ಅಂಗೈಗೆ ತಿಳಿಯಿತು. ಮೂರು ನಿಮಿಷಕ್ಕೆ ಹೊಳಪು ಆರಿತು. ಅವರು ನೀರಿಗಿಳಿದು, ಬೊಗಸೆ ತುಂಬಿ ಮೂಗಿನ ಹತ್ತಿರ ತಂದರು.

"ವಾಸನೆ ಇಲ್ಲ ಕಣಮ್ಮ," ಎಂದರು.

ಆ ಸಂಜೆ ಕೊನೆಯ ವ್ಯಾನಿನಲ್ಲಿ, ಮರುದಿನ ಬಸ್ಸಿನಲ್ಲಿ, ಉಳಿದ ದಾರಿ ತಳ್ಳಿಕೊಂಡು ಮಲ್ಲತ್ತಹಳ್ಳಿ ಸೇರಿದರು. ಅಜ್ಜಿ ಟೈರಿನಿಂದ ಉದುರಿದ ಹುಲ್ಲು ನೋಡಿ, "ಅಯ್ಯೋ, ಇದ್ಯಾವ ಮೇವು ತಿನ್ಸಿದಿರಿ ಇದಕ್ಕೆ," ಎಂದು ದಂಗಾದರು. ಕೈಪಂಪಿನ ಸಮಾಚಾರ ಅವರಿಗೆ ಯಾರೂ ಹೇಳಲಿಲ್ಲ. ಉದ್ದ ಪಂಪನ್ನು ಮೇಷ್ಟ್ರು ರಾಗಿಣಿಯ ಕೈಗಿಟ್ಟರು. ಅವಳು ತೂಗಲಿಲ್ಲ.

ಶಿವರಾತ್ರಿ ಕಳೆಯಿತು. ಒಂದು ಬೆಳಿಗ್ಗೆ ರಾಗಿಣಿ ಮೇಷ್ಟ್ರನ್ನು ಕಣ್ಣಿನ ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ಯುತ್ತಿದ್ದಾಗ ಕೆಂಗೇರಿ ಸೇತುವೆ ಬಂತು. ಡ್ರೈವರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ವಾಸನೆಯಿಂದಲೇ ಜಾಗ ತಿಳಿದು ಮೇಷ್ಟ್ರು ಆಟೋ ನಿಲ್ಲಿಸಲು ಹೇಳಿದರು. ಇಳಿದು ಕಟಕಟೆ ಹಿಡಿದು ನಿಂತರು.

"ಇಲ್ಲೇನಿದೆ ಸಾರ್ ನೋಡೋಕೆ?" ಎಂದ ಡ್ರೈವರು.

ರಾಗಿಣಿ ಮೇಷ್ಟ್ರ ಹೆಗಲು ಹಿಡಿದು ನೀರು ಹರಿಯುವ ಕಡೆಗೆ ತಿರುಗಿಸಿದಳು.

"ಇದು ಹೋಗಿ ಸೇರೋ ಜಾಗ ನಾನು ನೋಡಿದೀನಪ್ಪ," ಎಂದರು ನಾಣಿ ಮೇಷ್ಟ್ರು.