ಎಡಕ್ಕೆ ನೋಡುವ ಕೊಕ್ಕರೆ

ಬಿಳಿ ಕೈಗವಸು ತೊಟ್ಟು, ಯಾವುದೋ ದರ್ಬಾರಿಗೆ ಹೊರಟವನಂತೆ ಬಂದವನನ್ನು ಟ್ಯಾಮ್ಸಿನ್ ಹೋಲ್ಟ್ ಹೊಸ್ತಿಲಲ್ಲೇ ತಡೆದಳು.

"ಮೊದಲು ಅದನ್ನ ತೆಗೀರಿ."

"ಯಾವುದನ್ನ? ಕೋಟನ್ನಾ?"

"ಕೈಗವಸನ್ನ."

ಅವನ ಮುಖ ಸಣ್ಣದಾಯಿತು. "ಇದಕ್ಕೇಂತ ಹೊಸದು ತಂದೆ ರೀ. ಹಳೇ ಪುಸ್ತಕ ಮುಟ್ಟೋವಾಗ ಟೀವಿಲಿ ಎಲ್ಲರೂ ಹಾಕ್ಕೊಂಡಿರ್ತಾರೆ."

"ಹಾಕ್ಕೋತಾರೆ, ಹಾಳೆ ಹರೀತಾರೆ. ಬೆರಳಿಗೆ ಬಟ್ಟೆ ಸುತ್ತಿದ್ರೆ ಹಾಳೆಯ ಅಂಚು ಗೊತ್ತಾಗುತ್ತಾ? ಇಲ್ಲಿ ತೊಳೆದ ಕೈ, ಒರೆಸಿದ ಕೈ, ಅಷ್ಟೇ. ನಲ್ಲಿ ಅಲ್ಲಿದೆ. ತೊಳ್ಕೊಂಡು ಬಂದು ನನಗೆ ತೋರಿಸಿ."

"ತೋರಿಸಬೇಕಾ?"

"ತೋರಿಸಲೇಬೇಕು."

ಅವನು ಹೋಗಿ ತೊಳೆದುಕೊಂಡು ಬಂದ. ಶಾಲೆಯ ಹುಡುಗನ ಹಾಗೆ ಎರಡೂ ಅಂಗೈ ಚಾಚಿದ. ಬಲಗೈ ಹೆಬ್ಬೆರಳ ಮೇಲೆ ಪೆನ್ಸಿಲ್ ಮಸಿ ಉಳಿದಿತ್ತು. ಟ್ಯಾಮ್ಸಿನ್ ನಲ್ಲಿಯ ಕಡೆ ಬೆರಳು ತೋರಿಸಿದಳು. ಎರಡನೇ ಸಲ ಬಂದಾಗ ಕೈ ಶುಭ್ರವಾಗಿತ್ತು. ಉದ್ದನೆಯ ಬೆರಳುಗಳು. ಕಿರುಬೆರಳ ಬುಡದಲ್ಲಿ ಒಂದು ಹಳೆಯ ಗಾಯದ ಗೆರೆ. ಕಿಟಕಿಯಾಚೆ ಹರಿಯುವ ಸೆವರ್ನ್ ನದಿಯ ಬೆಳಕು ಆ ಅಂಗೈ ಮೇಲೆ ಬಿದ್ದು ಸುಮ್ಮನೆ ಅಲ್ಲಾಡುತ್ತಿತ್ತು.

"ಸರಿ" ಎಂದಳು. ಅನ್ನಬೇಕಾದ್ದಕ್ಕಿಂತ ಸ್ವಲ್ಪ ತಡವಾಗಿ ಅಂದಳು. ಅದು ಅವಳಿಗೆ ಗೊತ್ತಾಯಿತು. ಅವನಿಗೆ ಗೊತ್ತಾಗದಿರಲಿ ಎಂದುಕೊಂಡಳು.

ಇಂಗ್ಲೆಂಡಿನ ಬ್ಯೂಡ್ಲಿ ಎಂಬ ಊರಿನ ನದಿದಂಡೆಯ ಆ ಹಳೆಯ ಮನೆಯ ಮಹಡಿಯಲ್ಲಿ ಲೆಟಿಶಿಯಾ ಕೋವ್‌ಡೇಲ್ ಎಂಬಾಕೆಯ ಬದುಕೆಲ್ಲ ಪೆಟ್ಟಿಗೆಗಳಲ್ಲಿ ಕೂತಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಪುಸ್ತಕಕ್ಕೆ ಬಟ್ಟೆಯ ರಟ್ಟು ಹಾಕಿ, ಅದರ ಮೇಲೆ ಚಿನ್ನದ ರೇಕಿನಲ್ಲಿ ಚಿತ್ರ ಒತ್ತುತ್ತಿದ್ದರಲ್ಲ, ಅಂಥ ಚಿತ್ರಗಳನ್ನು ಬರೆದು ಹೊಟ್ಟೆ ಹೊರೆದವಳು ಆಕೆ. ಮದುವೆಯಾಗಲಿಲ್ಲ, ಹೇಳಿಕೊಳ್ಳುವಂಥ ಹೆಸರೂ ಮಾಡಲಿಲ್ಲ. ಆಕೆ ತೀರಿಕೊಂಡ ಮೇಲೆ ತಂಗಿಯ ಮಗಳು ಚಿತ್ರಗಳು, ಬಟ್ಟೆಯ ತುಣುಕುಗಳು, ಕುಂಚಗಳು, ಆಕೆ ಸಿಂಗರಿಸಿದ ಪುಸ್ತಕಗಳು ಎಲ್ಲವನ್ನೂ ಈ ಮನೆಗೆ ಒಪ್ಪಿಸಿದಳು. ಅವನ್ನು ವಿಂಗಡಿಸಿ, ಕ್ಯಾಟಲಾಗ್ ಬರೆದು, ಧೂಳು ತಾಗದಂತೆ ಕಾಯುವುದು ಟ್ಯಾಮ್ಸಿನ್‌ಳ ಕೆಲಸ. ಕೆಲಸ ಎನ್ನುವುದಕ್ಕಿಂತ ಅದೇ ಅವಳ ಸಂಸಾರ ಎನ್ನಬೇಕು.

ಲೆಟಿಶಿಯಾಳದೊಂದು ವಿಚಿತ್ರ ಅಭ್ಯಾಸವಿತ್ತು. ಆಕೆ ಬರೆದ ಮುಖಪುಟಗಳಲ್ಲಿ ಕೊಕ್ಕರೆ ನಿಂತಿರಲಿ, ಲಾಟೀನು ಹಿಡಿದ ಹುಡುಗಿ ನಿಂತಿರಲಿ, ನರಿ ಕೂತಿರಲಿ, ಎಲ್ಲವೂ ಕತ್ತು ತಿರುಗಿಸಿ ಎಡಕ್ಕೇ ನೋಡುತ್ತಿದ್ದವು. ಎಡಕ್ಕೆ ಏನಿದೆ? ರಟ್ಟು ಮುಗಿದು ಪುಸ್ತಕದ ಬೆನ್ನು ಬರುತ್ತದೆ, ಮತ್ತೇನೂ ಇಲ್ಲ. 'ಬಿಟ್ಟುಹೋದುದರ ಕಡೆಗೊಂದು ನೋಟ' ಎಂದು ಟ್ಯಾಮ್ಸಿನ್ ಕ್ಯಾಟಲಾಗಿನಲ್ಲಿ ಬರೆದಿದ್ದಳು. ಆ ವಾಕ್ಯದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಬಲಕ್ಕೆ ನೋಡುವ ಚಿತ್ರಗಳೂ ಒಂದಷ್ಟು ಸಿಕ್ಕಿದ್ದವು. ಅವು ಯಾವ ಮುಖಪುಟಕ್ಕೂ ಹೊಂದದ ಕಾರಣ 'ಬಳಕೆಯಾಗದವು' ಎಂದು ಚೀಟಿ ಅಂಟಿಸಿ, ಬೇರೆ ಪೆಟ್ಟಿಗೆಗೆ ಹಾಕಿ, ಮೇಲಿನ ಕಪಾಟಿಗೆ ಏರಿಸಿಬಿಟ್ಟಿದ್ದಳು.

ಕೈ ಚಾಚಿ ನಿಂತವನ ಹೆಸರು ರೀಸ್ ಪ್ರಿಡೆರಿ. ವೇಲ್ಸ್‌ನ ಕಡಲ ಕಡೆಯವನು, ಫೋಟೋಗ್ರಾಫರ್. ಈ ಮುಖಪುಟಗಳನ್ನೆಲ್ಲ ಚೆನ್ನಾಗಿ ತೆಗೆದುಕೊಟ್ಟರೆ ಜಗತ್ತೇ ಕೂತಲ್ಲಿಂದ ನೋಡಬಹುದು ಎಂದು ಈ ಮನೆಯನ್ನು ನಡೆಸುವ ಟ್ರಸ್ಟಿನವರು ಅವನನ್ನು ಕರೆಸಿದ್ದರು. ಹಿಂಬದಿಯ ರಟ್ಟುಗಳು ಬೇಡ ಎಂದು ಮೊದಲೇ ಹೇಳಿಯಾಗಿತ್ತು. ಅಲ್ಲಿ ಚಿನ್ನವಿಲ್ಲ, ಬರಿಯ ಮಾಸಿದ ಬಟ್ಟೆ. ಹಾಗೆ ಹೇಳಿದವಳೂ ಟ್ಯಾಮ್ಸಿನ್ನೇ.

ದಿನಗಳು ನದಿಯ ಹಾಗೆ ಸದ್ದಿಲ್ಲದೆ ಹೋದವು. ಬೆಳಿಗ್ಗೆ ಅವನು ಬರುತ್ತಿದ್ದ, ಕೈ ತೊಳೆಯುತ್ತಿದ್ದ, ತೋರಿಸುತ್ತಿದ್ದ. ಎಷ್ಟು ತೊಳೆದರೂ ಆ ಹೆಬ್ಬೆರಳ ಮೇಲೊಂದು ಪೆನ್ಸಿಲ್ ಮಸಿ ಇದ್ದೇ ಇರುತ್ತಿತ್ತು. ಟ್ಯಾಮ್ಸಿನ್ ಅದನ್ನು ತಿರುಗಿಸಿ ನೋಡಿ, ಗದರಿ, ಕೊನೆಕೊನೆಗೆ ತಾನೇ ಒದ್ದೆ ಬಟ್ಟೆ ತಂದು ಒರೆಸತೊಡಗಿದಳು. ಆಮೇಲೆ ಅವಳು ಒಂದೊಂದೇ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಸ್ಪಂಜಿನ ದಿಂಬಿನ ಮೇಲೆ ಮಲಗಿಸಬೇಕು. ಅವನು ಲೈಟು ಹಾಕಿದೊಡನೆ ಮಾಸಿದ ಹಸಿರು ಬಟ್ಟೆಯ ಮೇಲೆ ಚಿನ್ನ ಮಿನುಗಬೇಕು. ಆ ಹೊತ್ತಿಗೆ ಇಬ್ಬರೂ ಉಸಿರಾಡುವುದನ್ನೇ ಮರೆಯುತ್ತಿದ್ದರು. ಆಚೆ ದಡದಲ್ಲಿ ಹಬೆ ರೈಲು ಸಿಳ್ಳೆ ಹಾಕಿದಾಗಲೇ ಈ ಲೋಕಕ್ಕೆ ಮರಳುವುದು.

ಜಗಳವೂ ಇತ್ತು. ಊಟದ ಹೊತ್ತಿಗೆ ಅವನು ತನ್ನದೊಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದ. ಚಹಾಕ್ಕೆ ಏಳುವಾಗ ಅದನ್ನು ಬಿಚ್ಚಿದ ಹಾಗೇ ಬೋರಲು ಹಾಕಿ ಹೋಗುತ್ತಿದ್ದ.

"ಹೀಗೆ ಬೋರಲು ಹಾಕಿದ್ರೆ ಅದರ ಬೆನ್ನು ಮುರಿಯಲ್ವಾ?"

"ನನ್ನ ಪುಸ್ತಕ ರೀ ಅದು. ಅದರ ಬೆನ್ನು, ನನ್ನಿಷ್ಟ."

"ಒಂದು ಚೀಟಿ ಇಟ್ಟು ಮುಚ್ಚೋಕೆ ಏನು ಕಷ್ಟ?"

"ಮುಚ್ಚಿದ ಪುಸ್ತಕ ನೋಡಿದ್ರೆ, ಇನ್ನು ಸಾಕು ಹೋಗು ಅಂದ ಹಾಗಿರುತ್ತೆ. ಹೀಗೆ ಮಲಗಿದ್ರೆ, ನೀನು ಬರೋವರೆಗೂ ಕಾದಿರ್ತೀನಿ ಅಂದ ಹಾಗೆ."

ಅವನು ಅತ್ತ ಹೋದ ಮೇಲೆ ಟ್ಯಾಮ್ಸಿನ್ ಆ ಕಾದಂಬರಿಯನ್ನು ಮೆಲ್ಲಗೆ ಎತ್ತಿ, ನಡುವೆ ಒಂದು ರೈಲಿನ ಟಿಕೆಟ್ ಇಟ್ಟು ಮುಚ್ಚಿದಳು. ಕೆಳಗಿನ ಬಾಗಿಲು ನೋಡಿಕೊಳ್ಳುವ ಬೆರಿಲ್ ಅಜ್ಜಿ ಚಹಾದ ತಟ್ಟೆ ಹಿಡಿದು ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ಅವನ ಪುಸ್ತಕದ ಬೆನ್ನಿನ ಚಿಂತೆ ನಿನಗ್ಯಾಕೆ ಕಂದಾ?"

"ಪುಸ್ತಕ ಅಂದಮೇಲೆ ಪುಸ್ತಕ, ಬೆರಿಲ್."

"ಹೌದೌದು. ನನ್ನ ಅಡುಗೆ ಪುಸ್ತಕ ಬೆನ್ನು ಮುರಿದು ವರ್ಷಗಳಾದವು. ಅದರ ಕಡೆ ನೀನು ತಿರುಗಿಯೂ ನೋಡಲಿಲ್ಲ."

ಟ್ಯಾಮ್ಸಿನ್‌ಳ ಕಿವಿ ಕೆಂಪಾಯಿತು. ಹೌದು, ಅವಳು ಅವನನ್ನು ಪ್ರೀತಿಸುತ್ತಿದ್ದಳು. ಸುತ್ತುಬಳಸಿ ಹೇಳಿ ಪ್ರಯೋಜನವಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ. ಪುಸ್ತಕಗಳು ಮುಗಿದರೆ ಅವನು ಹೊರಟ. ಮುಂದಿನ ಸೋಮವಾರದಿಂದ ಡಬ್ಲಿನ್‌ನಲ್ಲಿ ಅವನಿಗೆ ಬೇರೆ ಕೆಲಸ ಕಾದಿತ್ತು, ಮಾತೂ ಕೊಟ್ಟಾಗಿತ್ತು. ಈಗ ಹೇಳದಿದ್ದರೆ ಇನ್ನೆಂದಿಗೂ ಇಲ್ಲ. ದಿನವೂ ಇವತ್ತು ಹೇಳುತ್ತೇನೆ ಎಂದುಕೊಂಡು ಬರುವುದು, ಅವನ ಹೆಬ್ಬೆರಳು ಒರೆಸುವುದು, ಮಾತು ನುಂಗಿಕೊಂಡು ಮನೆಗೆ ಹೋಗುವುದು, ಇಷ್ಟೇ ಆಗುತ್ತಿತ್ತು.

ಕೊನೆಗೆ ಉಳಿದದ್ದು ಒಂದೇ ಪುಸ್ತಕ, ಕೊಕ್ಕರೆಯದು.

"ತರ್ತೀರಾ?" ಎಂದ ರೀಸ್.

"ಇವತ್ತಾಗಲ್ಲ" ಎಂದುಬಿಟ್ಟಳು. "ಅದು ತಂಪು ಕೋಣೇಲಿತ್ತು. ಈಗಷ್ಟೇ ಹೊರಗೆ ತಂದಿದ್ದೀನಿ. ಒಂದು ದಿನ ಇಲ್ಲಿಯ ಹವೆಗೆ ಹೊಂದಿಕೊಳ್ಳಬೇಕು. ಇಲ್ಲದಿದ್ರೆ ರಟ್ಟು ಬಾಗುತ್ತೆ."

"ಅಯ್ಯೋ, ಬಾಗಬಾರದು" ಎಂದ ಅವನು, ಬಲು ಗಂಭೀರವಾಗಿ.

ಮರುದಿನವೂ ಅದು ಹೊಂದಿಕೊಂಡಿರಲಿಲ್ಲ. ಆಮೇಲಿನ ದಿನವೂ ಇಲ್ಲ. ರೀಸ್ ಕ್ಯಾಮೆರಾದ ಗಾಜು ಒರೆಸಿದ, ಮತ್ತೆ ಒರೆಸಿದ, ಕಿಟಕಿಯಲ್ಲಿ ನಿಂತು ಹಂಸಗಳನ್ನು ನೋಡಿದ. ಬೆರಿಲ್ ಅಜ್ಜಿ ಟ್ಯಾಮ್ಸಿನ್‌ಳನ್ನು ಮೆಟ್ಟಿಲ ಬಳಿ ಹಿಡಿದಳು.

"ನಮ್ಮ ಮನೇಲಿ ತಂಪು ಕೋಣೆ ಎಲ್ಲಿದೆ ಚಿನ್ನಾ? ನನ್ನ ಸ್ಯಾಂಡ್‌ವಿಚ್ ಇಡೋ ಫ್ರಿಜ್ ಬಿಟ್ಟರೆ?"

"ಮೆಲ್ಲಗೆ ಮಾತಾಡಿ!"

"ಪುಸ್ತಕ ಹೊಂದಿಕೊಂಡಾಯ್ತು. ನೀನು ಯಾವಾಗ ಹೊಂದಿಕೊಳ್ತೀಯ, ಅದು ಹೇಳು."

ಶುಕ್ರವಾರ ಮಧ್ಯಾಹ್ನ ಬೇರೆ ದಾರಿಯಿರಲಿಲ್ಲ. ಟ್ಯಾಮ್ಸಿನ್ ಪುಸ್ತಕ ತಂದಳು. ಕಡುನೀಲಿ ಬಟ್ಟೆ, ಯಾರೂ ಓದದೆ ಉಳಿದದ್ದರಿಂದ ಇನ್ನೂ ಹೊಸದರಂತಿತ್ತು. ನೀರಲ್ಲಿ ಕಾಲೂರಿ ನಿಂತ ಚಿನ್ನದ ಕೊಕ್ಕರೆ ಎಡಕ್ಕೆ ನೋಡುತ್ತಿತ್ತು. ರೀಸ್ ಚಿತ್ರ ತೆಗೆದ. ತೃಪ್ತಿಯಾಗಲಿಲ್ಲ ಎಂದು ಮತ್ತೆ ತೆಗೆದ. ಬಟ್ಟೆಯ ನೇಯ್ಗೆ ಕಾಣಲೆಂದು ಮೇಲಿನ ಲೈಟು ಆರಿಸಿ, ಒಂದೇ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬಿಟ್ಟ. ಅದೂ ಆಯಿತು. ಇನ್ನು ಯಾವ ನೆಪವೂ ಉಳಿದಿರಲಿಲ್ಲ.

"ಹಾಗಾದ್ರೆ..." ಎಂದು ಅವನು ಪುಸ್ತಕವನ್ನು ಎತ್ತಿಕೊಂಡ. ಮನಸ್ಸು ಎಲ್ಲಿತ್ತೋ, ದಿನಾ ಕಾದಂಬರಿಯನ್ನು ಇಡುವ ಹಾಗೆ ಅದನ್ನು ಬಿಚ್ಚಿ ದಿಂಬಿನ ಮೇಲೆ ಬೋರಲು ಹಾಕಿಬಿಟ್ಟ.

"ರೀಸ್!"

ಅವಳ ಕೈ ಹಾರಿ ಬಂದು ಪುಸ್ತಕದ ಬೆನ್ನಿನ ಕೆಳಗೆ ಆಸರೆಯಾಯಿತು. ತಪ್ಪು ಗೊತ್ತಾಗಿ ಅವನ ಕೈಯೂ ಅಲ್ಲಿಗೇ ಬಂತು. ಬೈಯಲು ಬಾಯಿ ತೆರೆದ ಟ್ಯಾಮ್ಸಿನ್ ಹಾಗೇ ನಿಂತುಬಿಟ್ಟಳು.

ಓರೆ ಬೆಳಕಿನಲ್ಲಿ ಹಿಂಬದಿಯ ರಟ್ಟಿನ ಮೇಲೆ ಇನ್ನೊಂದು ಕೊಕ್ಕರೆ ನಿಂತಿತ್ತು.

ಅದಕ್ಕೆ ಚಿನ್ನವಿರಲಿಲ್ಲ. ಬರಿಯ ಬಟ್ಟೆಯಲ್ಲಿ ಒತ್ತಿದ ಅಚ್ಚು. ಮೇಲಿನಿಂದ ಬೆಳಕು ಬಿದ್ದರೆ ಇದ್ದದ್ದೇ ತಿಳಿಯದಷ್ಟು ತೆಳು. ಅದು ಬಲಕ್ಕೆ ನೋಡುತ್ತಿತ್ತು. ಪುಸ್ತಕದ ಬೆನ್ನಿನ ಈಚೆಗೊಂದು, ಆಚೆಗೊಂದು. ಚಿನ್ನದ ಕೊಕ್ಕರೆ ಇಷ್ಟು ವರ್ಷ ಎಡಕ್ಕೆ ನೋಡಿದ್ದು ಇದನ್ನೇ.

"ಮುಚ್ಚಿಟ್ರೆ ಒಂದನ್ನೊಂದು ನೋಡೋ ಹಾಗೇ ಇಲ್ಲ" ಎಂದ ರೀಸ್, ಪಿಸುದನಿಯಲ್ಲಿ. "ಹೀಗೆ ಬೋರಲು ಹಾಕಿದ್ರೆ ಮಾತ್ರ."

"ಓದುತ್ತಾ ಓದುತ್ತಾ ಎದ್ದು ಹೋದವರಿಗೆ ಮಾತ್ರ ಕಾಣಲಿ ಅಂತ..." ಟ್ಯಾಮ್ಸಿನ್‌ಳ ಕಣ್ಣು ಮೇಲಿನ ಕಪಾಟಿನ ಕಡೆ ಹೋಯಿತು. "ನಾನು ಎಲ್ಲವನ್ನೂ ಮುಚ್ಚಿ, ಕಟ್ಟಿ, ಪೆಟ್ಟಿಗೆಗೆ ಹಾಕಿದೆ. ಬಿಟ್ಟುಹೋದುದರ ಕಡೆಗೊಂದು ನೋಟ ಅಂತ ಬೇರೆ ಬರೆದೆ! ಯಾರೂ ಬಿಟ್ಟುಹೋಗಿರಲಿಲ್ಲ ರೀಸ್. ಪಕ್ಕದಲ್ಲೇ ಇದ್ರು."

ಅವಳು ಏಣಿ ಹತ್ತಿ 'ಬಳಕೆಯಾಗದವು' ಪೆಟ್ಟಿಗೆ ಇಳಿಸಿದಳು. ಅದರಲ್ಲಿ ಬಲಕ್ಕೆ ನೋಡುವ ಕೊಕ್ಕರೆ ಇತ್ತು. ಲಾಟೀನಿನ ಹುಡುಗಿಗೆ ಎದುರಾಗಿ ಟೋಪಿ ಕೈಯಲ್ಲಿ ಹಿಡಿದ ಹುಡುಗನಿದ್ದ. ನರಿಗೆ ನರಿಯಿತ್ತು. ಇಬ್ಬರೂ ಒಂದೊಂದೇ ಪುಸ್ತಕ ತಂದು, ಬೆನ್ನಿಗೆ ಆಸರೆ ಕೊಟ್ಟು, ಓರೆ ದೀಪ ಹಿಡಿದು ನೋಡಿದರು. ಮಾಸಿದ ರಟ್ಟುಗಳಲ್ಲಿ ಕೆಲವು ಅಚ್ಚುಗಳು ಸವೆದು ಹೋಗಿದ್ದವು. ಆದರೆ ಗೊತ್ತಿದ್ದು ನೋಡಿದರೆ ಎಲ್ಲವೂ ಇದ್ದವು.

"ಹಿಂಬದಿಗಳನ್ನೆಲ್ಲ ಮೊದಲಿಂದ ತೆಗೀಬೇಕು" ಎಂದ ರೀಸ್. ಮುಖದಲ್ಲಿ ಒಂದು ಆಸೆ ಹೊಳೆದು ಆರಿತು. "ನಾನೇ ತೆಗೀತಿದ್ದೆ. ಆದ್ರೆ ಡಬ್ಲಿನ್‌ನವರಿಗೆ ಮಾತು ಕೊಟ್ಟಿದ್ದೀನಿ. ಟ್ರಸ್ಟಿನವರು ಬೇರೆ ಯಾರನ್ನಾದ್ರೂ..."

ಒಳ್ಳೆಯ ನೆಪವೊಂದು ಕೈಗೆ ಬಂದ ಹಾಗೇ ಜಾರಿತು. ಜಾರಿದ್ದೇ ಒಳ್ಳೆಯದಾಯಿತು ಎಂದು ಟ್ಯಾಮ್ಸಿನ್‌ಗೆ ಅನ್ನಿಸಿತು. ನೆಪ ಇದ್ದಿದ್ದರೆ ಅವಳು ಅದರ ಹಿಂದೆ ಅವಿತುಕೊಂಡು ಇನ್ನೊಂದು ಚಳಿಗಾಲ ಕಳೆದುಬಿಡುತ್ತಿದ್ದಳು. ಮುಚ್ಚಿಟ್ಟರೆ ಏನಾಗುತ್ತದೆಂದು ಈಗಷ್ಟೇ ಕಣ್ಣಾರೆ ನೋಡಿದ್ದಳು.

"ನಮ್ಮಲ್ಲಿ ತಂಪು ಕೋಣೆ ಇಲ್ಲ" ಎಂದಳು.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ನೀವು ಹಾಗಂದ ದಿನಾನೇ. ಬೆರಿಲ್ ಅಜ್ಜಿ ಕರ್ಕೊಂಡು ಹೋಗಿ ಫ್ರಿಜ್ ತೋರಿಸಿದ್ರು. ಒಳಗೆ ಸ್ಯಾಂಡ್‌ವಿಚ್ ಮಾತ್ರ ಇತ್ತು."

"ಮತ್ತೆ ಸುಮ್ಮನಿದ್ರಿ?"

"ರಟ್ಟು ಬಾಗಿಬಿಟ್ರೆ?" ಎಂದು ನಕ್ಕ. ನಗು ಬಹಳ ಹೊತ್ತು ನಿಲ್ಲಲಿಲ್ಲ. ಅವನು ಅಂಗೈ ನೋಡಿಕೊಂಡ. "ನಾನೇನು ಕಡಿಮೆ? ದಿನಾ ಕೈ ತೊಳೆದ ಮೇಲೆ ಪೆನ್ಸಿಲ್ ತಗೊಂಡು ಹೆಬ್ಬೆರಳಿಗೆ ಮಸಿ ಹಚ್ಕೊಂಡು ಬರ್ತಿದ್ದೆ."

ಟ್ಯಾಮ್ಸಿನ್ ಕಣ್ಣರಳಿಸಿದಳು. "ಬೇಕೂಂತಲೇ?"

"ಶುಭ್ರವಾಗಿದ್ರೆ ನೀವು 'ಸರಿ' ಅಂದು ಬಿಟ್ಟುಬಿಡ್ತಿದ್ರಿ. ಮಸಿ ಇದ್ರೆ ಕೈ ಹಿಡ್ಕೋತಿದ್ರಿ."

ಆಚೆ ದಡದಲ್ಲಿ ರೈಲು ಸಿಳ್ಳೆ ಹಾಕಿತು. ಈ ಸಲ ಇಬ್ಬರೂ ಈ ಲೋಕಕ್ಕೆ ಮರಳಲಿಲ್ಲ.

"ನೀನಂದ್ರೆ ನನಗೆ ಇಷ್ಟ ಕಣೋ" ಎಂದಳು ಟ್ಯಾಮ್ಸಿನ್. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಎಷ್ಟು ಚಿಕ್ಕದೆಂದು ಅವಳಿಗೇ ಆಶ್ಚರ್ಯವಾಯಿತು. "ಕೈಗವಸು ಹಾಕ್ಕೊಂಡು ಬಂದ ದಿನದಿಂದಲೂ."

"ಅವತ್ತು ಎಷ್ಟು ಬೈದೆ!"

"ಬೈದೆ. ಮತ್ತೆ ಬೈತೀನಿ. ಲೆಟಿಶಿಯಾಳ ಪುಸ್ತಕ ಬೋರಲು ಹಾಕ್ತಾರಾ ಯಾರಾದ್ರೂ?"

ಅವನು ನಗಲಿಲ್ಲ. "ಟ್ಯಾಮ್ಸಿನ್, ನಾನು ಡಬ್ಲಿನ್‌ಗೆ ಹೋಗಲೇಬೇಕು. ವಸಂತದವರೆಗೂ ಅಲ್ಲೇ."

"ಹೋಗು. ಮುಗಿಸ್ಕೊಂಡು ಬಾ. ಹಿಂಬದಿಗಳನ್ನ ನೀನೇ ತೆಗಿ, ಬೇರೆಯವರು ಬೇಡ ಅಂತ ಟ್ರಸ್ಟಿಗೆ ನಾನು ಹೇಳ್ತೀನಿ. ಅವು ಇಷ್ಟು ವರ್ಷ ಕಾದಿವೆ, ವಸಂತದವರೆಗೂ ಕಾಯ್ತವೆ." ಅವಳು ಅವನ ಕೈ ಎಳೆದುಕೊಂಡಳು. "ನಾನು ಮಾತ್ರ ಕಾಯಲ್ಲಪ್ಪ. ಮುಂದಿನ ಶನಿವಾರವೇ ಹಡಗು ಹತ್ತಿ ಬರ್ತೀನಿ."

ಕೆಳಗೆ ಬೆರಿಲ್ ಅಜ್ಜಿ ಚಹಾ ಆಯಿತೆಂದು ಕೂಗಿದಳು. ಮೇಲಿನಿಂದ ಉತ್ತರ ಬರಲಿಲ್ಲ. ಎರಡನೇ ಸಲ ಅವಳೂ ಕೂಗಲು ಹೋಗಲಿಲ್ಲ.

ಮೇಜಿನ ಮೇಲೆ ನೀಲಿ ಪುಸ್ತಕ ಬೋರಲಾಗಿ ಮಲಗಿತ್ತು. ಬೆನ್ನಿನ ಕೆಳಗೆ ಮೆತ್ತನೆಯ ದಿಂಬು ಇಟ್ಟಿದ್ದರು. ಟ್ಯಾಮ್ಸಿನ್ ರೀಸ್‌ನ ಹೆಬ್ಬೆರಳನ್ನು ಹೊರಳಿಸಿ ನೋಡಿದಳು. ಇವತ್ತು ಅದರ ಮೇಲೆ ಮಸಿ ಇರಲಿಲ್ಲ.

"ಸರಿ ಇದೆಯಾ?" ಎಂದ ಅವನು.

"ಇಲ್ಲ" ಎಂದಳು ಅವಳು, ಮತ್ತು ಕೈ ಬಿಡಲಿಲ್ಲ.