ಎರವಲು ತಂದ ಬೀಸುಕಲ್ಲು

ಮಣ್ಣು ಕೊಡಲು ಬಂದ ನೆಂಟರೆಲ್ಲ ಊರಿಗೆ ಮರಳಿದ ಮೇಲಿನ ಮೊದಲ ಬೆಳಗು ಅದು. ಇಬ್ರಾಹಿಂಪುರದ ಆ ಮನೆಯಲ್ಲಿ ಅಕ್ಕನಾಗಮ್ಮ ಒಲೆ ಹೊತ್ತಿಸಿದಳು, ಅತ್ತೆ ಮುರಿಗೆವ್ವನ ಮುಖ ತೊಳೆಸಿದಳು, ಬಾಗಿಲಿಗೆ ಬಂದಳು, ಮತ್ತೆ ಒಳಗೆ ಹೋದಳು. ಕಾಲು ಒಂದೆಡೆ ನಿಲ್ಲಲೊಲ್ಲದು. ಅಳು ಮಾತ್ರ ಬರಲೊಲ್ಲದು...

ಮುರಿಗೆವ್ವನೂ ಅತ್ತಿರಲಿಲ್ಲ. ಲಕ್ವ ಹೊಡೆದಾಗ ಬಲಗೈಯ ಜೊತೆ ಮಾತೂ ಬಿದ್ದುಹೋಗಿತ್ತು. ಹೆಂಗಸರು ಹೆಣದ ಮುಂದೆ ಹಾಡಿ ಹಾಡಿ ಅಳುವಾಗ ಹೆತ್ತವಳು ಬರೀ ಬಾಯಿ ತೆರೆದು ಕುಳಿತಿದ್ದಳು. ಮುದುಕಿಗೆ ಅರಿವೇ ಇಲ್ಲ ಎಂದು ಬಂದವರು ಆಡಿಕೊಂಡು ಹೋದರು. ಅರಿವಿತ್ತು! ಅದು ತೀರಿಹೋದ ಮಗ, ಅಕ್ಕನಾಗಮ್ಮನ ಗಂಡ ಬಸಲಿಂಗಯ್ಯನಿಗೆ ಗೊತ್ತಿತ್ತು. ನೆರೆಮನೆಯ ಸಬೀರಾ ಬೀಸುತ್ತ ಹಾಡುವಾಗ, 'ನೀರು' ಎನ್ನಲಾರದ ತಾಯಿಯ ನಾಲಿಗೆ ಹಾಡಿನ ನುಡಿಗಳನ್ನು ತಪ್ಪದೆ ಹೇಳಿದ್ದನ್ನು ಕೇಳಿ, ಅಂದೇ ಸಬೀರಾಳ ಬೀಸುಕಲ್ಲನ್ನು ಎರವಲು ಹೊತ್ತು ತಂದಿದ್ದ. ಅಂದಿನಿಂದ ಸೊಸೆ ಬೀಸುವಳು, ಅತ್ತೆ ಹಾಡುವಳು. ಜ್ವರ ಅವನನ್ನು ಒಯ್ದಿತು, ಕಲ್ಲೂ ನಿಂತಿತು. ಹೀಗೆಯೇ ಬಿಟ್ಟರೆ ಬಂದ ನಾಲ್ಕು ನುಡಿಯೂ ಹೋದಾವು...

ಅಕ್ಕನಾಗಮ್ಮ ಜೋಳ ಹಾಕಿ ಗೂಟ ಹಿಡಿದಳು. ಸದ್ದು ಕೇಳಿ ಗಂಡನ ಅಣ್ಣ ಈರಯ್ಯ ಓಡಿ ಬಂದ.

"ಏನ ನಡಸೀಯವ್ವಾ ಇದು? ಮಣ್ಣ ಇನ್ನೂ ಹಸಿ ಐತಿ."

"ನಮ್ಮ ಲಿಂಗವಂತರಾಗ ಸೂತಕ ಇಲ್ಲಲ್ರಿ, ಭಾವಾರ."

"ಸೂತಕ ಇಲ್ಲ ಖರೆ. ಮಂದಿಗಿ ಬಾಯಿ ಐತಲ್ಲ."

"ಮಂದಿಗಿ ಐತ್ರಿ. ಅತ್ತಿಗಿ ಇಲ್ಲ."

ಅವಳು ಬೀಸುತ್ತಲೇ ಇದ್ದಳು. ತಡೆಯಲೆಂದು ಈರಯ್ಯ ಬಗ್ಗಿ ಗೂಟಕ್ಕೆ ಕೈ ಹಾಕಿದ. ಅಷ್ಟರಲ್ಲಿ ಮುರಿಗೆವ್ವನ ದನಿ ಎದ್ದಿತು. ಬೀಸುವ ಹಾಡಿನಲ್ಲಿ ಅಣ್ಣನ ಹೆಸರು ಬರುವಲ್ಲಿ ಹೆಂಗಸರು ತಮ್ಮ ತಮ್ಮವರ ಹೆಸರಿಟ್ಟು ಹಾಡುವುದುಂಟು. ಆಕೆ ಮಗನ ಹೆಸರಿಟ್ಟಳು.

"ಹೊಲದ ಹಾದೀಲೆ ಹ್ವಾದಾನ ಬಸಲಿಂಗ... ಹೊಳ್ಳಿ ನೋಡಲಿಲ್ಲ ಹಡದವ್ವನ..."

ಈರಯ್ಯ ಅಲ್ಲೇ ಕುಳಿತ. ಗೂಟ ಬಿಡಲಿಲ್ಲ, ಅಕ್ಕನಾಗಮ್ಮನ ಕೈಯ ಜೊತೆ ಅವನ ಕೈಯೂ ತಿರುಗತೊಡಗಿತು. ಹೆಣದ ಮುಂದೆ ಅಳಲಾಗದ್ದನ್ನೆಲ್ಲ ಮುದುಕಿ ಕಲ್ಲಿನ ಮುಂದೆ ಅತ್ತು ಮುಗಿಸಿದಳು. ಜೋಳ ತೀರಿ ಬರೀ ಕಲ್ಲು ತಿರುಗುತ್ತಿತ್ತು. ಆಗ ಆಕೆ ಎಡಗೈಯನ್ನು ಇಬ್ಬರ ಕೈಮೇಲಿಟ್ಟು, ರಾಗವಿಲ್ಲದೆ, ಆಡುವ ಮಾತಿನಲ್ಲಿ ಅಂದಳು:

"ಸಾ... ಸಾಕ."

ಮಧ್ಯಾಹ್ನ ಕಲ್ಲನ್ನು ಸಬೀರಾಳಿಗೆ ಮರಳಿಸಲು ಈರಯ್ಯ ಕೆಳಗಲ್ಲು ಹೊತ್ತ, ಅಕ್ಕನಾಗಮ್ಮ ಮೇಲ್ಗಲ್ಲು. ತನ್ನ ಕಲ್ಲಿಲ್ಲದೆ ಇಷ್ಟು ದಿನ ಮಂದಿಯ ಮನೆಗಳಲ್ಲಿ ಬೀಸಿಕೊಂಡು ಬರುತ್ತಿದ್ದ ಸಬೀರಾ, ಇನ್ನಷ್ಟು ದಿನ ಇರಲಿ, ಅವ್ವನಿಗೆ ಬೇಕಾದೀತು ಎಂದಳು.

"ದಿನಾ ಅತ್ತೀನ ನಿಮ್ಮ ಮನಿಗೇ ಕರಕೊಂಡ ಬರ್ತೀನಿ. ಇಬ್ಬರೂ ಕೂಡಿ ಹಾಡ್ರಿ," ಎಂದು ಅಕ್ಕನಾಗಮ್ಮ ಕಲ್ಲು ಇಳಿಸಿದಳು. "ಇದನ್ನ ಅವರು ಒಯ್ದಿದ್ರು... ಅವರು ಬರೂದಿಲ್ಲ. ಅದಕ್ಕ ನಾನ..."

ದನಿ ಒಡೆಯಿತು. ಸಬೀರಾ ಕಲ್ಲನ್ನು ಬಿಟ್ಟು ಅವಳನ್ನು ಹಿಡಿದುಕೊಂಡಳು.