ಆರದ ಬಾನೆಟ್ಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಬೆನ್ನು ಸುಟ್ಟಿದ್ದಂತೂ ನಿಜ.

ಎಪ್ಪತ್ತನಾಲ್ಕರ ಚಳಿಗಾಲ. ಆಗ ನಮ್ಮ ಲಾರಿಗಳಲ್ಲಿ ಎಂಜಿನ್ನು ಡ್ರೈವರ್ ಪಕ್ಕದಲ್ಲೇ, ತಗಡಿನ ಬಾನೆಟ್ಟಿನ ಕೆಳಗಿರುತ್ತಿತ್ತು. ಚಳಿಗೆ ಅದೇ ನಮ್ಮ ಒಲೆ. ಲಾರಿ ನಿಲ್ಲಿಸಿ, ಬಾನೆಟ್ಟಿನ ಮೇಲೆ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಹಾಸಿ ಮಲಗುವುದು. ಬಿಸಿ ಇಳಿದಂತೆಲ್ಲ ಒಂದೊಂದೇ ಮಡಿಕೆ ಬಿಚ್ಚಿ ಹೊದೆಯುವುದು. ಬೆಳಗಾಗುವಷ್ಟರಲ್ಲಿ ತಗಡು ತಣ್ಣಗೆ, ಕಂಬಳಿ ಪೂರ್ತಿ ಮೈಮೇಲೆ.

ಲಾರಿಯನ್ನು ಚಿತ್ರದುರ್ಗದಲ್ಲಿ ಪಾಪಣ್ಣ ಮೇಸ್ತ್ರಿಯ ಶೆಡ್ಡಿಗೆ ರಿಪೇರಿಗೆ ಬಿಟ್ಟು, ನಮ್ಮೂರು ಮತ್ತೋಡಿಗೆ ಹೋಗಿದ್ದೆ. ತಿರುಗಿ ಬಂದಾಗ ಕತ್ತಲಾಗಿತ್ತು, ಮೇಸ್ತ್ರಿ ಇರಲಿಲ್ಲ. ಬಾನೆಟ್ಟು ಬೆಚ್ಚಗಿತ್ತು. ಈಗ ತಾನೇ ಎಂಜಿನ್ ಓಡಿಸಿ ನೋಡಿರಬೇಕು ಅಂದುಕೊಂಡು ಮಲಗಿದೆ.

ಬಿಸಿ ಇಳಿಯಲಿಲ್ಲ, ಏರಿತು. ಮಡಿಕೆ ಬಿಚ್ಚುವುದಿರಲಿ, ಪಂಚೆ, ಅಂಗಿ, ಗೋಣಿಚೀಲ ಎಲ್ಲವನ್ನೂ ಅಡಿಗೆ ತುರುಕಿದೆ. ಲಾರಿ ಘಾಟಿ ಹತ್ತುವಾಗ ನಡುಗುವಂತೆ ತಗಡು ಬೆನ್ನಿನ ಕೆಳಗೆ ಸಣ್ಣಗೆ ನಡುಗುತ್ತಿತ್ತು.

ಬೆಳಗ್ಗೆ ಮೇಸ್ತ್ರಿ ಬಂದಾಗ ಬರೀ ಚಡ್ಡಿಯಲ್ಲಿ ಬೆವರುತ್ತಾ ಕೂತಿದ್ದೆ.

"ಏನ್ ರಿಪೇರಿ ಮಾಡಿದ್ರಿ ಮೇಸ್ತ್ರಿ? ಎಂಜಿನ್ನು ಹಿಂಗ್ಯಾಕೆ ಕಾದೈತೆ?" ಎಂದು ರೇಗಿದೆ.

"ಯಾವ ಎಂಜಿನ್ನಪ್ಪ? ಅದನ್ನ ನಿನ್ನೆ ಮಧ್ಯಾಹ್ನನೇ ಇಳಿಸಿದೀವಲ್ಲ!"

ಎಂಜಿನ್ನು ಅಂಗಳದಲ್ಲಿ ಗೋಣಿಯ ಮೇಲೆ ಕೂತಿತ್ತು, ಮೈತುಂಬ ಇಬ್ಬನಿ.

ಮೇಸ್ತ್ರಿ ಕ್ಯಾಬಿನ್ ಹತ್ತಿ ಬಾನೆಟ್ಟು ಮುಟ್ಟಿದರು, ಕೈ ಝಾಡಿಸಿದರು. ಆಮೇಲೆ ಬುತ್ತಿ ಬಿಚ್ಚಿ, ತಣ್ಣನೆಯ ರೊಟ್ಟಿಗಳನ್ನು ಅದರ ಮೇಲೆ ಹರಡಿದರು.

"ತಿರುವಿ ಹಾಕಪ್ಪ," ಎಂದರು. "ಸೀದು ಹೋಗ್ತಾವೆ."